ವಿಜಾಪುರದ ಪಾಸು

ಸಂಕ್ರಮಣದ ಹಿಂದಿನ ವಾರ ಫಕೀರಪ್ಪನಿಗೆ ರೇಲ್ವೆ ಪಾಸು ಮಂಜೂರಾಯಿತು. ಮನೆಯಲ್ಲಿ ಜಗಳವೂ ಅದೇ ಸಂಜೆ ಶುರುವಾಯಿತು.

ಫಕೀರಪ್ಪ ಹುಬ್ಬಳ್ಳಿಯ ರೇಲ್ವೆ ಕಾರಖಾನೆಯಲ್ಲಿ ಬಡಗಿ. ಗಾಡಿಯ ಡಬ್ಬಿಗಳಿಗೆ ಕುಳಿತುಕೊಳ್ಳುವ ಬಾಕು, ಬಾಗಿಲು, ಕಿಡಕಿ ಕೂಡಿಸುವುದು ಅವನ ಕೆಲಸ. ಅಲ್ಲಿಯ ಕೆಲಸಗಾರರಿಗೆ ಹೆಂಡತಿ, ಮಕ್ಕಳು ಮತ್ತು ಮನೆಯಲ್ಲಿರುವ ವಿಧವೆ ತಾಯಿಯೊಂದಿಗೆ ವರ್ಷಕ್ಕೊಮ್ಮೆ ಪುಕ್ಕಟೆ ಹೋಗಿಬರಲು ಪಾಸು ಸಿಗುತ್ತಿತ್ತು. ಹಿಂದಿನ ವರ್ಷಗಳಲ್ಲಿ ಪಾಸು ಎಲ್ಲಿಗೆ ಎಂಬುದನ್ನು ಅವನ ತಾಯಿ ಬಾಳವ್ವ ಗೊತ್ತುಮಾಡುತ್ತಿದ್ದಳು. ಒಂದು ವರ್ಷ ಒಂದು ಮಠ, ಇನ್ನೊಂದು ವರ್ಷ ಇನ್ನೊಂದು ಮಠ. ಮಕ್ಕಳನ್ನು ನೆರೆಮನೆಯ ಮದೀನಾಬಿಯ ಕಣ್ಣಳತೆಯಲ್ಲಿ ಬಿಟ್ಟು ದೊಡ್ಡವರು ಹೋಗಿಬರುತ್ತಿದ್ದರು.

ಆ ಸಂಜೆ ರೊಟ್ಟಿ ಮುರಿಯುತ್ತ ಫಕೀರಪ್ಪ, “ಈ ಸಲ ಮಕ್ಕಳನ್ನ ಇಜಾಪುರಕ್ಕ ಕರಕೊಂಡ ಹೋಗೂಣು ಯವ್ವಾ,” ಎಂದ.

“ಅಲ್ಲೇನೈತಿ?”

“ಗೋಲಗುಮ್ಮಟ ಐತಿ. ಅಷ್ಟ ದೊಡ್ಡ ಗುಮ್ಮಟ ನಮ್ಮ ದೇಶದಾಗ ಎಲ್ಲೂ ಇಲ್ಲಂತ.”

“ಗೋರಿ ನೋಡಾಕ ಗಾಡಿ ಹತ್ತಬೇಕೇನು? ಊರ ಹೊರಗ ಬೇಕಾದಷ್ಟ ಅದಾವು. ನಡಕೋತ ಹೋಗಿ ನೋಡಿ ಬರ್ರಿ.”

ಎಂಟು ವರ್ಷದ ಗುರಪಾದ ನಕ್ಕ. ಅವನ ಅಕ್ಕ ಶರಣವ್ವ ನಗಲಿಲ್ಲ. ಅವಳಿಗೆ ಹನ್ನೆರಡು ನಡೆದಿತ್ತು. ಹೆಣ್ಣುಮಕ್ಕಳ ಸಾಲಿಯಲ್ಲಿ ಏಳನೇ ಇಯತ್ತೆ. ಬೇಸಿಗೆಯ ಮೊದಲಿಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದ ಹುಡುಗಿಗೆ ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಲು, ಮುಂದೆ ಮಾಸ್ತರಿಕೆ ಮಾಡಲು ದಾರಿಯಿತ್ತು. ಇದನ್ನು ಅವಳು ಅಪ್ಪನಿಗೆ ಒಮ್ಮೆ ಹೇಳಿದ್ದಳು. ಆಯಿ ಬಾಳವ್ವನಿಗೆ ಹೇಳಿರಲಿಲ್ಲ.

“ಇತಿಹಾಸದ ಪಾಠದಾಗ ಇಜಾಪುರ ಐತ್ರಿ ಆಯಿ,” ಎಂದಳು. “ಪಾಠ ಹೇಳೂ ಬಾಯಾರು ಅಂದ್ರು, ನೋಡಿ ಬಂದ್ರ ಛಲೋ ತಿಳಿತೈತಿ ಅಂತ.”

“ನಿಮ್ಮ ಬಾಯಾರು ನೋಡ್ಯಾರೇನು?”

“ಇಲ್ಲಂತ.”

“ಮತ್ತ ಆಕಿ ನೋಡದನ ಪಾಠ ಹೇಳತಾಳ, ನೀ ನೋಡದನ ಕೇಳು.”

ಫಕೀರಪ್ಪ ತಾಟು ಸರಿಸಿದ. “ನಾ ಮಾಡಿದ ಬಾಕಿನ ಮ್ಯಾಲ ಕುಂತ ಮಂದಿ ಪುಣೆ ನೋಡ್ಯಾರ, ಬೆಂಗಳೂರ ನೋಡ್ಯಾರ. ನನ್ನ ಮಕ್ಕಳು ದುರ್ಗದಬೈಲ ಪ್ಯಾಟಿ ದಾಟಿಲ್ಲ. ಹುಡುಗರು ನಾಕ ಊರ ನೋಡಬೇಕ ಯವ್ವಾ. ತಲಿ ಬೆಳಿತೈತಿ.”

“ಹುಡುಗಗ ಬೆಳಸು. ಹುಡುಗಿಗೆ ಯಾಕ? ನಾಕ ಊರ ನೋಡಿದಾಕಿ ನಾಳೆ ಅತ್ತಿಮನ್ಯಾಗ ಒಲಿ ಮುಂದ ಕುಂಡ್ರತಾಳೇನು? ಇಲ್ಲಿ ಪಲ್ಯ ಸಪ್ಪಗ ಐತಿ, ಅಲ್ಲಿದು ಛಲೋ ಇತ್ತು ಅಂತಾಳ.”

ಒಲೆಯ ಮುಂದಿದ್ದ ರತ್ನವ್ವ, ಫಕೀರಪ್ಪನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ನೀವೆಲ್ಲಾ ಹೋಗ್ರಿ,” ಎಂದಳು. “ಬುತ್ತಿ ಕಟ್ಟಾಕ, ಬಂದ ಮ್ಯಾಲ ಅರಿವಿ ಒಗ್ಯಾಕ ನಾ ಇದ್ದೇ ಇರ್ತೇನಿ.”

ಮರುದಿನದಿಂದ ಬಾಳವ್ವ ಮಗನೊಂದಿಗೆ ಊಟಕ್ಕೆ ಕೂಡಲಿಲ್ಲ. ಅವನು ಕಾರಖಾನೆಗೆ ಹೋದ ಮೇಲೆ ಉಣ್ಣುತ್ತಿದ್ದಳು, ಅವನು ಬರುವ ಮೊದಲು ಉಂಡು ಕಟ್ಟೆಗೆ ಹೋಗಿ ಕೂಡುತ್ತಿದ್ದಳು. ರತ್ನವ್ವನಿಗೆ ಎರಡೆರಡು ಸಲ ಒಲೆ ಹೊತ್ತಿಸುವ ಕೆಲಸ ಬಂತು. ಮಾತು ಕಟ್ಟೆಯನ್ನೂ ದಾಟಿತು. ಮದೀನಾಬಿ ಉರುಸಿಗೆಂದು ಆ ಕಡೆ ಹೋದಾಗ ಗುಮ್ಮಟ ನೋಡಿ ಬಂದವಳು.

“ನೋಡುವಂಗ ಐತಿ ಬಾಳಕ್ಕಾ,” ಎಂದಳು. “ಒಳಗ ನಿಂತ ಒಂದ ಸಲ ಕೂಗಿದ್ರ ಗುಮ್ಮಟ ಹತ್ತ ಸಲ ತಿರುಗಿ ಕೂಗತೈತಿ.”

“ನಮ್ಮನ್ಯಾಗ ಒಂದ ಸಲ ಕೂಗಿದ್ರ ಮಗಾ ಹತ್ತ ಸಲ ತಿರುಗಿ ಕೂಗತಾನ. ಅದಕ್ಕ ಇಜಾಪುರ ಯಾಕ ಬೇಕವಾ?”

ಆ ಸೋಮವಾರ ಭಿಕ್ಷೆಗೆ ಮಹಾಂತಯ್ಯ ಬಂದರು. ಈ ಮನೆಗೆ ತಲೆಮಾರಿನಿಂದ ಬರುವ ಜಂಗಮ ಅಯ್ಯನವರು. ಹುಬ್ಬಳ್ಳಿಯಿಂದ ವಿಜಾಪುರದಾಚೆಯವರೆಗೂ ಭಕ್ತರ ಮನೆಗಳಿಗೆ ಓಡಾಡುವವರು. ಬಾಳವ್ವನ ಮಗಳು ನೀಲವ್ವನ ಊರಿಗೂ ಹೋಗುವವರು. ನೀಲವ್ವನನ್ನು ಕೊಟ್ಟದ್ದು ವಿಜಾಪುರದಿಂದ ಅರ್ಧ ದಿನದ ಬಂಡಿ ಹಾದಿಯ ಒಂದು ಸಂಸ್ಥಾನದ ಹಳ್ಳಿಗೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಹೊಲ, ಮನೆ ಎಲ್ಲ ಮೈದುನರ ಕೈಯಲ್ಲಿ. ಮಗ ಚನಮಲ್ಲನಿಗೆ ಇಪ್ಪತ್ತರ ಮೇಲಿನ ವಯಸ್ಸು.

ಅಯ್ಯನವರು ಭಿಕ್ಷೆ ಇಸಿದುಕೊಂಡ ಮೇಲೂ ಬಾಳವ್ವ ಅವರನ್ನು ಬಹಳ ಹೊತ್ತು ಕೂಡಿಸಿಕೊಂಡು ಮಾತಾಡಿದಳು. ರತ್ನವ್ವನನ್ನು ಕರೆದು ಅವಳಿಗೂ ಏನೋ ಹೇಳಿದಳು. ಎರಡು ವಾರದ ಮೇಲೆ ಮಹಾಂತಯ್ಯ ಮತ್ತೆ ಬಂದು ಹೋದರು. ಅಂದು ಸಂಜೆ ಬಾಳವ್ವ ತಾನಾಗಿಯೇ ಮಗನ ಪಕ್ಕಕ್ಕೆ ಊಟಕ್ಕೆ ಕುಳಿತಳು.

“ಆತು. ಇಜಾಪುರಕ್ಕ ಹೋಗೂಣು.”

ಫಕೀರಪ್ಪನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

“ನೀಲವ್ವಗ ಹೇಳಿ ಕಳಿಸೇನಿ. ಬಂಡಿ ತಗೊಂಡ ಬರ್ತಾಳ. ನಿನ್ನ ಗೋರಿ ನೋಡಿದ ಮ್ಯಾಲ ಆಕಿ ಊರಿಗೆ ಹೋಗಿ ಎರಡ ದಿನಾ ಇದ್ದ ಬರೂಣು. ಮಕ್ಕಳು ಅತ್ತಿ ಮನೀನೂ ನೋಡಿಲ್ಲ.”

“ನೋಡಿದೇನವಾ ಶರಣಿ?” ಫಕೀರಪ್ಪ ಮಗಳ ಕಡೆ ತಿರುಗಿದ. “ನಿಮ್ಮಾಯಿ ಒಪ್ಪಿದ್ಲು.”

ಅವನು ಗೆದ್ದೆನೆಂದೇ ತಿಳಿದ. ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಹೊರಡುವ ಮುಂಚಿನ ದಿನಗಳಲ್ಲಿ ರತ್ನವ್ವ ಕಟಕ ರೊಟ್ಟಿ ಬಡಿದಳು, ಶೇಂಗಾದ ಹಿಂಡಿ ಕುಟ್ಟಿದಳು, ಸಿಹಿಗೆಂದು ಮಾದಲಿ ಮಾಡಿದಳು. ಮಾದಲಿ ಬಹಳವಾಯಿತೆಂದು ಶರಣವ್ವ ಅಂದಾಗ, “ಅತ್ತಿ ಮನಿಗೆ ಬರಿಗೈಲೆ ಹೋಗತಾರೇನು?” ಎಂದು ಗದರಿಸಿದಳು. ಮಗಳ ತಲೆಗೆ ಎಣ್ಣೆ ಹಚ್ಚಿ, ಅರಿಸಿನ ತಿಕ್ಕಿ ನೀರು ಹಾಕಿದಳು. ಹಾಗೆ ತಿಕ್ಕಿದ್ದು ದೀಪಾವಳಿಗೂ ಇರಲಿಲ್ಲ. ಹೊರಡುವ ಹಿಂದಿನ ದಿನ ಫಕೀರಪ್ಪ ಟ್ರಂಕು ಎತ್ತಿ ನೋಡಿದ.

“ನಾಕ ದಿನಕ್ಕ ಇಷ್ಟ ಭಾರೇನು? ಒಳಕಲ್ಲ ಇಟ್ಟೀಯೇನು ಇದರಾಗ?”

“ಅತ್ತಿಯವರ ಸಾಮಾನ ಅದಾವು,” ಎಂದಳು ರತ್ನವ್ವ. ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು.

ಗಾಡಿಯಲ್ಲಿ ಫಕೀರಪ್ಪ ಸುಮ್ಮನೆ ಕೂಡಲಿಲ್ಲ. ಬಾಕಿನ ಕೆಳಗೆ ಬಗ್ಗಿ ನೋಡಿ, “ಇದು ನಮ್ಮ ಕೈಯಾಗಿಂದು,” ಎಂದ.

“ಸುಳ್ಳು,” ಎಂದ ಗುರಪಾದ.

“ಈ ಕೂಡಿಕಿ ಮುಟ್ಟಿ ನೋಡು. ಉಗುರ ಹೊಕ್ಕತೈತೇನು?”

ಹುಡುಗ ಉಗುರು ತೂರಿಸಲು ನೋಡಿದ. ಹೋಗಲಿಲ್ಲ. ಗದಗಿನಲ್ಲಿ ಇಳಿದು ಬೇರೆ ಗಾಡಿ ಹತ್ತಿದರು. ಎರೆಭೂಮಿಯಲ್ಲಿ ಬಿಳಿಜೋಳ ತೆನೆ ಬಲಿತು ನಿಂತಿತ್ತು. ಶರಣವ್ವ ಪ್ರತಿಯೊಂದು ಟೇಸನ್ನಿನ ಹೆಸರನ್ನೂ ಜೋರಾಗಿ ಓದಿದಳು. ಬಾಳವ್ವ ಒಂದೆರಡು ಸಲ, “ಸಾಕು ಬಿಡ, ಮಂದಿ ನೋಡತಾರ,” ಎಂದಳು. ರತ್ನವ್ವ ಬುತ್ತಿ ಬಿಚ್ಚಿ ಎಲ್ಲರಿಗೂ ಕೊಟ್ಟಳು; ತಾನು ಅರ್ಧ ರೊಟ್ಟಿ ತಿಂದಳು.

ಸಂಜೆ ಗುಮ್ಮಟ ಗಾಡಿಯಿಂದಲೇ ಕಂಡಿತು. ರಾತ್ರಿ ಧರ್ಮಶಾಲೆಯಲ್ಲಿ ಇಳಿದುಕೊಂಡರು. ಬೆಳಿಗ್ಗೆ ನೀಲವ್ವ ಬಂದಳು. ಬಂಡಿ ಹೊಡೆದುಕೊಂಡು ಬಂದವನು ಚನಮಲ್ಲ. ಎತ್ತುಗಳ ಕೋಡಿಗೆ ಹೊಸದಾಗಿ ಬಣ್ಣ ಹಚ್ಚಿತ್ತು.

“ಏನೋ ಚನಮಲ್ಲಾ, ಮಾವ ಬಂದಾನಂತ ಎತ್ತ ಸಿಂಗಾರ ಮಾಡೀಯೇನು?” ಎಂದು ಫಕೀರಪ್ಪ ನಕ್ಕ. ಚನಮಲ್ಲ ತಲೆ ತಗ್ಗಿಸಿದ. ಫಕೀರಪ್ಪನಿಗೆ ಅದು ಹಳ್ಳಿಯ ಹುಡುಗನ ಸಂಕೋಚವಾಗಿ ಕಂಡಿತು.

ಮೊದಲು ಗುಮ್ಮಟ ನೋಡುವುದು, ಊಟ ಮಾಡಿ ಬಂಡಿ ಹತ್ತುವುದು ಎಂದು ಗೊತ್ತಾಯಿತು. ಗುಮ್ಮಟದ ಆವಾರದಲ್ಲಿ ಬೇವಿನ ಮರದ ಕೆಳಗೆ ಬಂಡಿ ಬಿಟ್ಟರು. ರತ್ನವ್ವ ಟ್ರಂಕಿನ ಮೇಲೆ ಕುಳಿತುಬಿಟ್ಟಳು.

“ನಾ ಮ್ಯಾಲ ಬರೂದಿಲ್ಲ. ಕಾಲ ನೋಯ್ತಾವು.”

“ಇಷ್ಟ ದೂರ ಬಂದ ಕೆಳಗ ಕುಂಡ್ರತೀಯೇನು? ಟ್ರಂಕ ಚನಮಲ್ಲ ನೋಡಕೋತಾನ.”

“ಒಲ್ಲೆ ಅಂದೆನಲ್ರಿ. ಹೋಗಿ ಬರ್ರಿ.”

ಮೂಲೆಯ ಮಿನಾರಿನೊಳಗಿನ ಸುತ್ತುಪಾವಟಿಗೆ ಹತ್ತಿ ಫಕೀರಪ್ಪ ಮತ್ತು ಮಕ್ಕಳು ಮೊದಲು ಮೇಲೆ ಹೋದರು. ಗುಮ್ಮಟದ ಒಳಮೈಗೆ ಸುತ್ತಲೂ ಒಂದು ಓಣಿಯಂಥ ಸಜ್ಜಾ ಇದೆ. ಕೆಳಗೆ ನೋಡಿದರೆ ಮನುಷ್ಯರು ಗೊಂಬೆಗಳಂತೆ ಕಾಣುತ್ತಾರೆ. ಕಾವಲುಗಾರ ಬಾಗಿಲಲ್ಲೇ ಅವರಿಗೆ ವಿವರಿಸಿದ. “ಕೂಗಿದ್ರ ಕೂಗೂದನ್ನ ಎಲ್ಲಾರೂ ಕೇಳ್ತಾರ. ಅದೇನ ದೊಡ್ಡದಲ್ಲ. ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಾಗಿ ಪಿಸುಗುಟ್ರಿ. ಎದುರಿನ ದಂಡಿಗೆ ಗ್ವಾಡಿಗೆ ಕಿವಿ ಕೊಟ್ಟಾವರಿಗೆ ಬಾಜೂಕ ಕುಂತ ಹೇಳಿದಂಗ ಕೇಳಿಸ್ತೈತಿ.” ಅಷ್ಟು ಹೇಳಿ, ಕಟ್ಟೆಯ ಮೇಲೆ ಬಗ್ಗಿ ನೋಡುತ್ತಿದ್ದ ಪರವೂರಿನ ಸಾಲಿ ಹುಡುಗರನ್ನು ಬಯ್ಯಲು ಓಡಿದ.

“ನೀ ಇಲ್ಲೇ ನಿಂದರು,” ಎಂದ ಫಕೀರಪ್ಪ ಮಗಳಿಗೆ. “ನಾವು ಎದರಗಡೆ ಹೋಗಿ ಮಾತಾಡತೇವಿ. ಏನ ಹೇಳಿದ್ವಿ ನೀ ಹೇಳಬೇಕು.”

ಶರಣವ್ವ ತಣ್ಣನೆಯ ಗೋಡೆಗೆ ಕಿವಿ ಹಚ್ಚಿ ನಿಂತಳು. ಅಪ್ಪ, ತಮ್ಮ ಸಜ್ಜಾದ ಸುತ್ತ ಹೊರಟವರು ನಡುವೆಯೇ ನಿಂತರು. ಗುರಪಾದನಿಗೆ ಕೆಳಗಿನ ಮಂದಿಯನ್ನು ನೋಡಬೇಕಾಗಿತ್ತು.

ಅಷ್ಟರಲ್ಲಿ ಬಾಳವ್ವ, ನೀಲವ್ವ ಇಬ್ಬರೂ ಏದುಸಿರು ಬಿಡುತ್ತ ಇನ್ನೊಂದು ಬಾಗಿಲಿನಿಂದ ಒಳಗೆ ಬಂದು ಎದುರು ದಂಡೆಯಲ್ಲಿ ಗೋಡೆಗೆ ಒರಗಿ ಕುಳಿತರು. ಕಾವಲುಗಾರ ಹೇಳಿದ್ದನ್ನು ಅವರು ಕೇಳಿರಲಿಲ್ಲ. ಬಾಳವ್ವನಿಗೆ ಗೊತ್ತಿದ್ದುದು ಮದೀನಾಬಿ ಹೇಳಿದ್ದಷ್ಟೇ: ಕೂಗಿದರೆ ಗುಮ್ಮಟ ತಿರುಗಿ ಕೂಗುತ್ತದೆ. ಅದಕ್ಕೆಂದೇ ಅವಳು ಮುಖವನ್ನು ಗೋಡೆಗೆ ತಿರುಗಿಸಿ, ದನಿ ತಗ್ಗಿಸಿ ಮಾತಾಡಿದಳು.

“ಚಪ್ಪರ ಹಾಕ್ಯಾರೇನು?”

ಶರಣವ್ವ ತಿರುಗಿ ನೋಡಿದಳು. ಹತ್ತಿರ ಯಾರೂ ಇರಲಿಲ್ಲ. ಮತ್ತೆ ಕಿವಿ ಹಚ್ಚಿದಳು.

“ಹಾಕ್ಯಾರವ್ವ. ಮಹಾಂತಯ್ಯನವರು ನಾಳಿ ಮುಂಜಾನೆ ಮುಹೂರ್ತ ಇಟ್ಟಾರ. ಆದ್ರ ಅಣ್ಣ ಏನಂತಾನೋ.”

“ಅಂವಗ ಬಂಡಿ ಇಳದ ಮ್ಯಾಲ ಹೇಳಿದ್ರ ಆತು. ಚಪ್ಪರ ನೋಡಿ ತಿರುಗಿ ಬರೂ ಮನಶ್ಯಾ ಅಲ್ಲ. ಹುಬ್ಬಳ್ಳ್ಯಾಗ ಮಾಡಿದ್ರ ಶಾರದಾ ಕಾಯ್ದೆ ಅಂತಾನ. ನಿಮ್ಮಲ್ಲಿ ಯಾವ ಕಾಯ್ದೆ?”

“ವೈನಿ?”

“ಆಕಿಗೆ ಹೇಳೇನಿ. ಧಾರಿ ಸೀರಿ ಆಕಿ ಟ್ರಂಕಿನ್ಯಾಗನ ಐತಿ. ಹಸರ ಇಳಕಲ್ಲ ಸೀರಿ. ನಾನ ತಂದೇನಿ.”

“ಹುಡುಗಿ ಅತ್ತ ಕರದ್ರ?”

“ನಾವೆಲ್ಲಾ ಅತ್ತಿಲ್ಲೇನು? ಇದು ಶಾಣ್ಯಾ ಹುಡುಗಿ ನೀಲಾ. ಮುಲ್ಕಿ ಪಾಸಾತಂದ್ರ ಆಮ್ಯಾಲ ನಮ್ಮ ಮಾತ ಕೇಳೂದಿಲ್ಲ. ಈಗ ಆಗೂದ ಛಲೋ.”

ಹದಿನಾಲ್ಕು ತುಂಬದ ಹುಡುಗಿಯ ಲಗ್ನ ಮಾಡಿದವರಿಗೆ ಶಿಕ್ಷೆ ಎಂಬ ಕಾಯ್ದೆ ಜಾರಿಗೆ ಬಂದು ನಾಲ್ಕು ವರ್ಷವಾಗಿತ್ತು. ಇಂಗ್ರೇಜಿ ಆಳ್ವಿಕೆಯ ಜಿಲ್ಲೆಗಳಲ್ಲಿ ಅದರ ಭಯವಿತ್ತು. ಸಂಸ್ಥಾನದ ಗಡಿ ದಾಟಿ ಲಗ್ನ ಮುಗಿಸಿಕೊಂಡು ಬರುವವರೂ ಇದ್ದರು. ಶರಣವ್ವನ ಸಾಲಿಯ ಒಬ್ಬ ಹುಡುಗಿ ಹಾಗೆಯೇ ಅಜ್ಜನ ಊರು ನೋಡಲು ಹೋದವಳು ತಾಳಿ ಕಟ್ಟಿಸಿಕೊಂಡು ಬಂದಿದ್ದಳು. ಮತ್ತೆ ಸಾಲಿಗೆ ಬಂದಿರಲಿಲ್ಲ.

ಶರಣವ್ವ ಎದುರು ನೋಡಿದಳು. ಎರಡು ಸೆರಗಿನ ತಲೆಗಳು ಗೋಡೆಯ ಹತ್ತಿರ ಕೂಡಿಕೊಂಡಿದ್ದವು. ಅವಳು ಗೋಡೆಗೆ ಬಾಯಿ ಹಚ್ಚಿದಳು.

“ಆಯಿ, ನಾ ಒಲ್ಲೆ.”

ಬಾಳವ್ವ ಬೆಂಕಿ ತಾಗಿದವಳಂತೆ ಗೋಡೆ ಬಿಟ್ಟು ಎದ್ದಳು. ಹಿಂದೆ ನೋಡಿದಳು, ಬಾಗಿಲಲ್ಲಿ ನೋಡಿದಳು. ಆಮೇಲೆ ಎದುರಿಗೆ ನೋಡಿದಳು. ಅಲ್ಲಿ ಮೊಮ್ಮಗಳು ನಿಂತಿದ್ದಳು.

“ಒಲ್ಲೆ!” ಎಂದು ಶರಣವ್ವ ಈಗ ಕೂಗಿದಳು.

ಗುಮ್ಮಟ ಅದನ್ನು ಎತ್ತಿಕೊಂಡಿತು. ಒಲ್ಲೆ, ಒಲ್ಲೆ, ಒಲ್ಲೆ ಎಂದು ಸುತ್ತಿತು. ಸಾಲಿಯ ಹುಡುಗರಿಗೆ ಅದು ಆಟವಾಗಿ ಕಂಡಿತು. ಅವರೂ ಒಲ್ಲೆ ಎಂದು ಕೂಗತೊಡಗಿದರು. ಕಾವಲುಗಾರ ಸುಮ್ಮನಿರಿಸಲು ಕೂಗಿದ್ದು ಅದರಲ್ಲಿಯೇ ಮುಳುಗಿತು. ಫಕೀರಪ್ಪ ಮಗನ ಕೈ ಹಿಡಿದುಕೊಂಡು ಓಡಿ ಬಂದ.

“ಏನ ಒಲ್ಲಿ? ಏನಾತು?”

“ನಾಳಿ ನನ್ನ ಲಗ್ನ ಐತಂತ. ಚನಮಲ್ಲ ಮಾವನ ಕೂಡ. ಸೀರಿ ಅವ್ವನ ಟ್ರಂಕಿನ್ಯಾಗ ಐತಿ.”

ಅಲ್ಲಿ ಜಗಳ ಮಾಡುವಂತಿರಲಿಲ್ಲ. ಫಕೀರಪ್ಪ ತಾಯಿಯ ಕಡೆ ಕೈಮಾಡಿ, ಇಳಿಯಿರಿ ಎಂದು ಸನ್ನೆ ಮಾಡಿದ. ಎಲ್ಲರೂ ಪಾವಟಿಗೆ ಇಳಿದರು.

ಬೇವಿನ ಮರದ ಕೆಳಗೆ ಅವನು ಹೆಂಡತಿಯ ಮುಂದೆ ಕೈ ಚಾಚಿದ. “ಕೀಲಿ ಕೊಡು.”

ರತ್ನವ್ವ ಮುಖ ನೋಡಿದಳು, ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಟ್ರಂಕಿನ ತಳದಲ್ಲಿ ಹಸಿರು ಸೀರೆ, ಬಳೆ, ಬಾಸಿಂಗ ಇದ್ದವು.

“ಯವ್ವಾ, ಮಕ್ಕಳಿಗೆ ಊರ ತೋರಸೂಣು ಅಂದಿದ್ದು ನಾನು. ನನ್ನ ಪಾಸಿನ್ಯಾಗ ನನ್ನ ಮಗಳನ್ನ ಲಗ್ನಕ್ಕ ಸಾಗಿಸೀಯಲ್ಲ.”

“ಬ್ಯಾರೆ ಯಾರಿಗೆ ಕೊಟ್ಟೇನೋ? ನಿನ್ನ ತಂಗೀ ಮಗಗ ಕೊಟ್ಟೇನಿ.”

“ಅಣ್ಣಾ,” ನೀಲವ್ವ ಅವನ ಎರಡೂ ಕೈ ಹಿಡಿದುಕೊಂಡಳು. “ಚಪ್ಪರ ಹಾಕೇನಿ. ಮಂದೀನ ಕರದೇನಿ. ನಿಮ್ಮ ಮಗಳ ನನ್ನ ಸೊಸಿಯಾದ್ರ ಆ ಮನ್ಯಾಗ ನಾ ಗಟ್ಟಿ ನಿಂದರತೇನಿ. ಮೈದುನರು ತಮ್ಮ ಕಡೀ ಹುಡುಗೀನ ತರ್ತೇವಿ ಅಂತ ಕುಂತಾರ. ಬರಿ ಬಂಡಿ ತಗೊಂಡ ನಾ ಹೆಂಗ ಹೋಗ್ಲಿ?”

ಫಕೀರಪ್ಪನ ಮುಖ ಇಳಿಯಿತು. ತಂಗಿಯ ಬರಿಹಣೆ ನೋಡಿದ. ಬಂಡಿಯ ಕಡೆ ನೋಡಿದ. ಬಾಳವ್ವ ಅದನ್ನು ಗಮನಿಸಿ, “ಚನಮಲ್ಲಾ, ಎತ್ತ ಹೂಡು,” ಎಂದಳು. ಚನಮಲ್ಲ ಕದಲಲಿಲ್ಲ.

“ಮಾವಾ, ನಿಮಗ ಗೊತ್ತೈತಿ ಅಂದಿದ್ರು ನನಗ,” ಎಂದ.

ಶರಣವ್ವ ವಾದಕ್ಕೆ ನಿಲ್ಲಲಿಲ್ಲ. ತಮ್ಮನ ಕೈ ಹಿಡಿದುಕೊಂಡು ಟೇಸನ್ನಿನ ಕಡೆ ನಡೆಯತೊಡಗಿದಳು. ಟೇಸನ್ನು ಕಾಣುವಷ್ಟು ಹತ್ತಿರವಿತ್ತು. ಪಾಸು ಇಲ್ಲದೆ ಅವಳನ್ನು ಯಾರೂ ಗಾಡಿಗೆ ಹತ್ತಿಸುತ್ತಿರಲಿಲ್ಲ. ಪಾಸು ಫಕೀರಪ್ಪನ ಕೋಟಿನ ಕಿಸೆಯಲ್ಲಿತ್ತು. ಅವಳು ತಿರುಗಿ ನೋಡಲಿಲ್ಲ. ಆವಾರದ ಬಾಗಿಲು ದಾಟಿದಳು.

ಫಕೀರಪ್ಪ ತಂಗಿಯ ಕೈ ಬಿಡಿಸಿಕೊಂಡ. ಟ್ರಂಕು ಮುಚ್ಚಿ ಹೆಗಲಿಗೆ ಏರಿಸಿದ.

“ಬಿಡವಾ ನೀಲಾ. ನಾ ಬರೂದಿಲ್ಲ.”

ಬಾಳವ್ವ ಮಗಳ ಬಂಡಿ ಹತ್ತಿ ಹೋದಳು. ಮಾದಲಿಯ ಗಂಟು ಬಂಡಿಯಲ್ಲಿಯೇ ಉಳಿಯಿತು.

ಹುಬ್ಬಳ್ಳಿಗೆ ಬಂದ ಮೇಲೆ ಮನೆಯ ಕೆಲಸಗಳು ಮೊದಲಿನಂತೆಯೇ ನಡೆದವು. ಮುಂಜಾನೆ ಕಾರಖಾನೆಯ ಭೋಂಗಾ ಕೂಗುವ ಮೊದಲು ರತ್ನವ್ವ ಗಂಡನ ಬುತ್ತಿ ಕಟ್ಟುತ್ತಿದ್ದಳು. ಶರಣವ್ವ ನೀರು ತರುತ್ತಿದ್ದಳು, ಅಂಗಳ ಸಾರಿಸುತ್ತಿದ್ದಳು, ಸಾಲಿಗೆ ಹೋಗುತ್ತಿದ್ದಳು. ತಾಯಿಯೊಂದಿಗೆ ಮಾತಾಡುತ್ತಿರಲಿಲ್ಲ. ತಲೆಯನ್ನು ತಾನೇ ಬಾಚಿಕೊಂಡಳು. ಬೈತಲೆ ಸೊಟ್ಟಾಗುತ್ತಿತ್ತು. ಬೇಕಾದದ್ದನ್ನು ಗುರಪಾದನ ಮೂಲಕ ಕೇಳುತ್ತಿದ್ದಳು.

“ಅವ್ವಗ ಹೇಳು, ಎಣ್ಣಿ ತೀರೈತಿ ಅಂತ.”

“ಕೇಳಿಸ್ತು,” ಎನ್ನುತ್ತಿದ್ದಳು ರತ್ನವ್ವ.

ಮೊದಲ ವಾರ ಫಕೀರಪ್ಪನೂ ಸಿಟ್ಟಿನಲ್ಲಿದ್ದ. ಒಂದು ಸಂಜೆ ಊಟದ ನಡುವೆ ಮಾತು ಹೊರಬಿತ್ತು.

“ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ನನ್ನ ಮುಂದ ಒಂದ ಮಾತ ಹೇಳಾಕ ಏನಾಗಿತ್ತು?”

“ಹೇಳಿದ್ರ ನೀವು ಒಂದ ದಿನಾ ಒದರತಿದ್ರಿ. ಭೋಂಗಾ ಆತಂದ್ರ ಕಾರಖಾನಿಗೆ ಹೋಗತಿದ್ರಿ. ಅವರು ಇಲ್ಲೇ ಇರ್ತಾರ. ಈ ಒಲಿ ಮುಂದ, ದಿನಾ. ಅವರ ಕೂಡ ನಾ ಬಾಳೇ ಮಾಡಬೇಕಲ್ಲ.”

“ಅದಕ್ಕ ಮಗಳನ್ನ ಕೊಡೂದೇನು?”

“ನನ್ನ ಒಂಬತ್ತನೇ ವರ್ಷಕ್ಕ ಈ ಮನಿಗೆ ತಂದ್ರಿ. ಆವಾಗ ನೀವೂ ಇದ್ರಲ್ಲಾ, ಬಾಸಿಂಗ ಕಟಗೊಂಡ. ನನಗ ಯಾರೂ ಗುಮ್ಮಟ ತೋರಸಲಿಲ್ಲ.” ರತ್ನವ್ವನ ದನಿ ಏರಿತು. “ಲಗ್ನಂದ್ರ ಹಿಂಗ ಆಗೂದು ಅಂತ ತಿಳದಿದ್ದೆ ನಾ. ಬ್ಯಾರೆ ತರಾ ಆಗತೈತಿ ಅಂತ ನನಗ ಯಾರ ಹೇಳ್ಯಾರ?”

ಫಕೀರಪ್ಪ ಉಣ್ಣದೆ ಎದ್ದ. ತಾಟು ಶರಣವ್ವ ಎತ್ತಿದಳು.

ಶಿವರಾತ್ರಿ ಮುಗಿದ ಮೇಲೆ ಒಂದು ಮಧ್ಯಾಹ್ನ ಬಾಳವ್ವ ತ್ರಾಸುಪಟ್ಟ ಮುಖದಿಂದ ಬಂದಳು. ಮಹಾಂತಯ್ಯನವರು ಓಣಿಯ ಬಾಯಿಯಲ್ಲಿಯೇ ನಿಂತು, ಒಳಗೆ ಬಾರದೆ ಹೋದರು. ರತ್ನವ್ವ ನೀರು ಕೊಟ್ಟಳು. ಬಾಳವ್ವ ಕಾಲು ತೊಳೆದುಕೊಂಡು ತನ್ನ ಜಾಗದಲ್ಲಿ ಕುಳಿತಳು. ಸಂಜೆ ಮಗ ಬಂದು ಊಟಕ್ಕೆ ಕುಳಿತ ಮೇಲೆ ಹೇಳಿದಳು.

“ಅದ ಚಪ್ಪರದಾಗ ಮೈದುನರು ತಮ್ಮ ಕಡೀ ಹುಡುಗೀನ ತಂದ ಚನಮಲ್ಲಗ ಕಟ್ಟಿದ್ರು. ಹಾಕಿದ ಚಪ್ಪರ ಬರಿದ ತಗೀಬಾರದಂತ. ಈಗ ನೀಲವ್ವಗ ಅಡಗಿಮನಿ ಇಲ್ಲ. ಎತ್ತಿನ ಕೊಟಗಿ ಬಾಜೂಕ ಒಂದ ಕೋಲಿ ಕೊಟ್ಟಾರ.”

ಶರಣವ್ವ ತಾಟಿನ ಕಡೆ ನೋಡುತ್ತಿದ್ದಳು.

“ಹುಡುಗರಿಗೆ ಊರ ತೋರಸ್ತೇನಿ, ತಲಿ ಬೆಳಸ್ತೇನಿ ಅಂದಿ. ಏನ ಕಲಿತ್ರು? ಹಿರೇರ ಮಾತ ಗ್ವಾಡಿಗೆ ಕಿವಿ ಕೊಟ್ಟ ಕೇಳೂದ ಕಲಿತ್ರು.”

“ಅದನ್ನಾರ ಕಲಿತಾಳಲ್ಲ ಯವ್ವಾ. ಇಲ್ಲಾಂದ್ರ ಇಷ್ಟೊತ್ತಿಗೆ ಆ ಕೊಟಗಿ ಬಾಜೂಕ ಇಬ್ಬರಿರ್ತಿದ್ರು.”

“ಇಬ್ಬರಿದ್ರ ಆಕಿ ಕೊಟಗಿಗೆ ಹೋಗತಿದ್ದಿಲ್ಲ.”

ಫಕೀರಪ್ಪ ಮುಂದಿನ ಪಾಸು ಬಂದರೆ ತಾನು ಯಾರನ್ನೂ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಎಂದ. ಅದು ಅಂದಿನ ಜಗಳ ಮುಗಿಸಲು ಹೇಳಿದ್ದು. ಆದರೆ ಬಾಳವ್ವ ಅದನ್ನು ಹಿಡಿದುಕೊಂಡಳು.

ಮುಲ್ಕಿ ಪರೀಕ್ಷೆ ಧಾರವಾಡದಲ್ಲಿತ್ತು. ಪ್ರತಿದಿನ ಹೋಗಿ ಬರಬೇಕು, ಇಲ್ಲವೆ ಪರೀಕ್ಷೆ ಮುಗಿಯುವವರೆಗೆ ಅಲ್ಲಿಯೇ ಯಾರದಾದರೂ ಮನೆಯಲ್ಲಿ ಇರಬೇಕು. ಬಾಯಾರು ತಮಗೆ ಗೊತ್ತಿದ್ದ ಒಂದು ಮನೆಯ ಪಡಸಾಲೆ ಗೊತ್ತುಮಾಡಿಕೊಟ್ಟರು. ಜೊತೆಗೆ ಮನೆಯ ಹೆಣ್ಣುಮಕ್ಕಳು ಯಾರಾದರೂ ಬರಲೇಬೇಕೆಂದರು. ವಿಜಾಪುರಕ್ಕೆಂದು ತೆಗೆದುಕೊಂಡ ಮೇಲೆ ಫಕೀರಪ್ಪನಿಗೆ ರಜೆ ಉಳಿದಿರಲಿಲ್ಲ.

“ನಾ ಹೋಗೂದಿಲ್ಲ,” ಎಂದಳು ಬಾಳವ್ವ. “ರತ್ನವ್ವನೂ ಹೋಗೂದಿಲ್ಲ. ಸಾಕು ತಿರುಗಾಟ. ಇನ್ನ ಈಕಿನ್ನ ಯಾವ ಊರಿಗೂ ಕಳಸೂದಿಲ್ಲ ಅಂತ ಫಕೀರ ತನ್ನ ಬಾಯಿಲೆ ಅಂದಾನ.”

“ಪರೀಕ್ಷಾಕ್ಕ ಅಲ್ಲ ನಾ ಅಂದಿದ್ದು.”

“ಊರ ಊರನ. ಧಾರವಾಡ ಏನ ನಮ್ಮ ಹಿತ್ತಲಾ?”

ಮೂರು ದಿನ ಇದೇ ನಡೆಯಿತು. ಫಕೀರಪ್ಪ ಮದೀನಾಬಿಯನ್ನು ಕೇಳಿದ. ಆಕೆಯ ಸೊಸೆಗೆ ದಿನ ತುಂಬಿದ್ದವು. ಬಾಯಾರನ್ನು ಕೇಳಿದ. ಅವರಿಗೆ ಸಾಲಿ ಇತ್ತು. ಶರಣವ್ವ ಪುಸ್ತಕ ಬಿಟ್ಟಿರಲಿಲ್ಲ. ಅಡಿಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಓದುತ್ತಿದ್ದಳು. ಬಾಳವ್ವ ಒಳಗೆ ಸೊಸೆಗೆ ಏನೋ ಹೇಳಲು ಬಗ್ಗಿದವಳು ಗೋಡೆ ನೋಡಿ ಸುಮ್ಮನಾದಳು. ಆಮೇಲೆ ಓಣಿಗೆಲ್ಲ ಕೇಳುವಂತೆ ಹೇಳಿದಳು.

“ಕೇಳಿಸಿಕೊಳ್ಳವಾ, ಗ್ವಾಡಿಗೆ ಕಿವಿ ಕೊಡೂದ ಬ್ಯಾಡ. ಹದಿನಾಲ್ಕ ತುಂಬಲಿ ನಿನಗ. ಚನಮಲ್ಲ ಇಲ್ಲಂದ್ರ ಇನ್ನೊಬ್ಬಾಂವ. ಆವಾಗ ಹುಬ್ಬಳ್ಳ್ಯಾಗ, ಎಲ್ಲಾರ ಮುಂದ ಚಪ್ಪರ ಹಾಕತೇನಿ.”

“ಹಾಕ್ರಿ ಆಯಿ,” ಎಂದಳು ಶರಣವ್ವ ಹೊರಗಿನಿಂದ, ಅಷ್ಟೇ ಜೋರಾಗಿ. “ಆವಾಗೂ ನನ್ನ ಕೇಳ್ರಿ.”

ರತ್ನವ್ವ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತಿತು. ಮತ್ತೆ ಬಡಿಯಿತು.

ಪರೀಕ್ಷೆಯ ಹಿಂದಿನ ದಿನ ಫಕೀರಪ್ಪ ಕಾರಖಾನೆಗೆ ಹೋದ. ಬಾಳವ್ವ ನಡುಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಶರಣವ್ವ ಪುಸ್ತಕದ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಹೊಸ್ತಿಲ ಹತ್ತಿರ ಕುಳಿತಿದ್ದಳು. ಹೊತ್ತು ಏರಿತು.

ಕೋಲಿಯ ಬಾಗಿಲು ತೆರೆದು ರತ್ನವ್ವ ಹೊರಗೆ ಬಂದಳು. ಒಂದು ಕೈಯಲ್ಲಿ ಬುತ್ತಿಯ ಗಂಟು ಇತ್ತು. ಮೈಮೇಲೆ ಹಸಿರು ಇಳಕಲ್ಲ ಸೀರೆ ಇತ್ತು. ಮಡಿಕೆಯ ಗೆರೆಗಳು ಹಾಗೆಯೇ ಕಾಣುತ್ತಿದ್ದವು.

ಬಾಳವ್ವನ ಕೈಯಲ್ಲಿಯ ಮೊರ ನಿಂತಿತು.

“ಏ ರತ್ನಿ, ಎಲ್ಲಿಗೆ?”

“ಧಾರವಾಡಕ್ರಿ. ಪರೀಕ್ಷಾ ಮುಗಿಸಿಕೊಂಡ ಬರ್ತೇವಿ. ರೊಟ್ಟಿ ಮಾಡಿಟ್ಟೇನಿ, ಪಲ್ಯ ಗಡಿಗ್ಯಾಗ ಐತಿ. ಗುರಪಾದಗ ನೀವ ಬಡಸ್ರಿ.”

“ಯಾರನ್ನ ಕೇಳಿದಿ?”

“ಕೇಳಲಿಲ್ರಿ.”

“ಆ ಸೀರಿ ಯಾರದು, ಗೊತ್ತೈತೇನು ನಿನಗ?”

ರತ್ನವ್ವ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

“ಗೊತ್ತೈತ್ರಿ ಅತ್ತಿ. ಈಕಿಗೆ ಭಾಳ ಉದ್ದ ಆಗತಿತ್ತು.”

ಅವಳು ಹೊಸ್ತಿಲು ದಾಟಿದಳು. ಶರಣವ್ವ ಎದ್ದು ಹಿಂದೆ ನಡೆದಳು. ಇಬ್ಬರೂ ಓಣಿಯ ತಿರುವಿಗೆ ಬಂದರು. ತಿರುವಿನಲ್ಲಿ ನಲ್ಲಿಯ ನೀರು ಹರಿದು ಕೆಸರಾಗಿತ್ತು.

“ಅವ್ವಾ,” ಎಂದಳು ಶರಣವ್ವ. “ನಿರಿಗಿ ಎತ್ತಕೋ. ನಿನಗೂ ಉದ್ದನ ಆಗೇತಿ.”